ತಾಯಿ ಕಳೆದ ಐದು ಅಂಕ

ನಮ್ಮಕ್ಕನಿಂದ ಅರ್ಧ ಅಂಕ ಪುಕ್ಕಟೆ ಪಡೆದವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಇದನ್ನು ಹೇಳುತ್ತಿರುವವಳು ಅವಳ ಸ್ವಂತ ತಂಗಿ, ನನ್ನ ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ಒಂದೇ ಸೂರಿನಡಿ ಅವಳೊಂದಿಗೆ ಏಗುತ್ತಿರುವವಳು. ಹಾಗಾಗಿ ನಂಬಬಹುದು. ಪರೀಕ್ಷಾ ಕಚೇರಿಯ ಮರುಎಣಿಕೆ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಗುಮಾಸ್ತೆಯಾಗಿ ಕೂತವಳು ಅಕ್ಕ. ಉತ್ತರಪತ್ರಿಕೆಯಲ್ಲಿ ಒಂದೊಂದು ಪ್ರಶ್ನೆಗೂ ಹಾಕಿದ ಅಂಕಗಳನ್ನು ಮತ್ತೊಮ್ಮೆ ಕೂಡಿ, ಮೇಲ್ಗಡೆ ಬರೆದ ಮೊತ್ತ ಸರಿಯಾಗಿದೆಯೇ ಎಂದು ನೋಡುವುದು ಅವಳ ಕೆಲಸ. ಉತ್ತರ ಸರಿಯೋ ತಪ್ಪೋ ಅವಳಿಗೆ ಬೇಕಿಲ್ಲ. "ಗುಮಾಸ್ತೆ ಅಂಕ ಕೊಡಲ್ಲ ಕಣೇ, ಕೂಡ್ತಾಳೆ" ಅನ್ನುವುದು ಅವಳ ಪಾಲಿನ ವೇದವಾಕ್ಯ.

ನಿವೃತ್ತಿಯಾದ ಮೇಲಾದರೂ ಸುಮ್ಮನಿದ್ದಾಳೆಯೇ? ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ತಂದೆತಾಯಿಗಳು ನಮ್ಮ ಸುತ್ತಮುತ್ತ ಹೆಚ್ಚುತ್ತಿದ್ದ ಕಾಲ ಅದು. ಓದಿಸುವುದೇನೋ ಓದಿಸಿಬಿಡುತ್ತಾರೆ. ಕಾಲೇಜು ಸೇರಿಸುವ ಹೊತ್ತಿಗೆ ಕಾಲೇಜಿನವರು "ನಾಲ್ಕು ವರ್ಷದ ಗ್ರೇಡ್ ಪಾಯಿಂಟ್ ಸರಾಸರಿ ಎಷ್ಟು?" ಎಂದು ಕೇಳಿದರೆ ಕಣ್ಣು ಕಣ್ಣು ಬಿಟ್ಟು ಅಕ್ಕನ ಹತ್ತಿರ ಓಡಿ ಬರುತ್ತಾರೆ. ತೊಂಬತ್ತು ಮುಟ್ಟಿದರೆ ಎ, ಅದಕ್ಕೆ ನಾಲ್ಕು ಪಾಯಿಂಟ್. ಎಂಬತ್ತು ಮುಟ್ಟಿದರೆ ಬಿ, ಅದಕ್ಕೆ ಮೂರು. ಎಪ್ಪತ್ತು ಮುಟ್ಟಿದರೆ ಸಿ, ಅದಕ್ಕೆ ಎರಡು. ಎಲ್ಲ ವಿಷಯಗಳ ಪಾಯಿಂಟ್ ಕೂಡಿ, ಎಷ್ಟು ವಿಷಯವೋ ಅಷ್ಟರಿಂದ ಭಾಗಿಸಬೇಕು. ಕೇಳಲು ಇಷ್ಟೇ. ಮಾಡಲು ಹೋದರೆ ಒಬ್ಬೊಬ್ಬರದು ಒಂದೊಂದು ಅವಾಂತರ. ಒಬ್ಬ ಮಹಾನುಭಾವ ತಾನು ಪಾಠವನ್ನೇ ಮಾಡದ ವಿಷಯಕ್ಕೂ ಮಗನಿಗೆ ನೂರಕ್ಕೆ ನೂರು ಕೊಟ್ಟು ತಂದಿದ್ದ. ಅಕ್ಕ ಕನ್ನಡಕ ಏರಿಸಿ, "ಮಗು ಇದನ್ನ ಯಾರ ಹತ್ರ ಕಲೀತು?" ಎಂದು ಕೇಳಿದಳು. ಅವನು ಕಾಗದ ಎತ್ತಿಕೊಂಡು ಹೋದವನು ಈ ಬೀದಿಗೆ ಮತ್ತೆ ತಲೆ ಹಾಕಲಿಲ್ಲ.

ಸರಾಸರಿಯನ್ನು ಅಕ್ಕ ಎರಡು ದಶಾಂಶ ಸ್ಥಾನದವರೆಗೆ ಬರೆಯುತ್ತಿದ್ದಳು. ಒಂದು ಕೂದಲೆಳೆಯಷ್ಟೂ ಮೇಲಿಲ್ಲ, ಕೆಳಗಿಲ್ಲ. ಬೀದಿಯವರು ಅವಳಿಗೆ ದಶಾಂಶದಮ್ಮ ಅಂತಲೇ ಹೆಸರಿಟ್ಟರು. ನಾನು ಮನೆಯಲ್ಲಿ ಪರದೆ, ದಿಂಬಿನ ಚೀಲ ಹೊಲಿಯುವವಳು. ಹೊಲಿಗೆಯಲ್ಲಿ ಯಾವಾಗಲೂ ಮುಕ್ಕಾಲು ಇಂಚು ಬಟ್ಟೆಯನ್ನು ಒಳಗೆ ಮಡಿಸಿ ಬಿಟ್ಟಿರುತ್ತೇವೆ, ನಾಳೆ ಬಿಚ್ಚಿ ಅಗಲ ಮಾಡಬೇಕಾದರೆ ಇರಲಿ ಅಂತ. ಅಕ್ಕನ ಹತ್ತಿರ ಆ ಮುಕ್ಕಾಲು ಇಂಚು ಇರಲಿಲ್ಲ.

ಅವಳದೊಂದು ನಿಯಮವಿತ್ತು. ಲೆಕ್ಕ ಮುಗಿಯುವವರೆಗೆ ಮಗುವನ್ನು ಕರೆದುಕೊಂಡು ಬರುವ ಹಾಗಿಲ್ಲ, ಫೋಟೊ ತೋರಿಸುವ ಹಾಗಿಲ್ಲ. ಮುಖ ನೋಡಿ ಮಣೆ ಹಾಕುವ ಬುದ್ಧಿ ಯಾರಿಗೆ ಯಾವಾಗ ಬಂದೀತು ಹೇಳಲಾಗದು ಅನ್ನುತ್ತಿದ್ದಳು. ಆ ಬುದ್ಧಿ ಅವಳಿಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವಳಿಗೇ ಗೊತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬಸ್ ಡ್ರೈವರ್ ಒಬ್ಬರು ತಗಡಿನ ಟ್ರಂಕೊಂದನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಬಂದರು. ನಲವತ್ತೈದರ ವಯಸ್ಸು, ರಜೆಯ ದಿನವೂ ಸಮವಸ್ತ್ರದ ಅಂಗಿ. ತೋಳಿನ ಹೊಲಿಗೆ ಬಿಚ್ಚಿದ್ದನ್ನು ಯಾರೋ ಹೊಲಿಗೆ ಗೊತ್ತಿಲ್ಲದವರು ದಪ್ಪ ದಾರದಲ್ಲಿ ಹಾಕಿದ್ದರು. ಅದನ್ನು ನೋಡಿಯೇ ಆ ಮನೆಯಲ್ಲಿ ಹೆಂಗಸಿಲ್ಲ ಎಂದುಕೊಂಡೆ.

ಹೆಂಡತಿ ಹೋಗಿ ಐದು ತಿಂಗಳಾಗಿತ್ತಂತೆ. ಒಬ್ಬಳೇ ಮಗಳು, ಹದಿನೇಳು ವರ್ಷ. ಹುಟ್ಟಿನಿಂದಲೇ ಹೃದಯದ ತೊಂದರೆ. ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಶಾಲೆಯಲ್ಲಿ ಎರಡು ಸಲ ಎಚ್ಚರ ತಪ್ಪಿ ಬಿದ್ದ ಮೇಲೆ ತಾಯಿಯೇ ಅವಳನ್ನು ಮನೆಯಲ್ಲಿ ಕೂರಿಸಿಕೊಂಡು ನಾಲ್ಕು ವರ್ಷ ಓದಿಸಿದ್ದಳು. ಕೊನೆಯ ವರ್ಷ ತಾಯಿಗೇ ಕಾಯಿಲೆ. ಹಾಸಿಗೆಯಲ್ಲಿ ಮಲಗಿಕೊಂಡೇ ಪತ್ರಿಕೆ ತಿದ್ದಿದ್ದಳು.

"ರಕ್ತ ಪರೀಕ್ಷೆ ಮಾಡೋ ಕೋರ್ಸು ಅಮ್ಮ," ಎಂದರು ಡ್ರೈವರ್. "ಕೂತು ಮಾಡೋ ಕೆಲಸ. ಕಾಲೇಜು ಪೂರ್ತಿ ನೆಲಮಹಡೀಲೇ ಇದೆ, ಒಂದು ಮೆಟ್ಟಿಲೂ ಇಲ್ಲ. ನನ್ನ ಬಸ್ಸು ಅದರ ಗೇಟಿನ ಮುಂದೇನೇ ನಿಲ್ಲೋದು. ಬೆಳಿಗ್ಗೆ ನಾನೇ ಇಳಿಸ್ತೀನಿ, ಸಂಜೆ ನಾನೇ ಹತ್ತಿಸ್ಕೊಂಡು ಬರ್ತೀನಿ. ಬೇರೆ ಕಾಲೇಜಂದ್ರೆ ಅವಳ ಕೈಲಾಗಲ್ಲ. ಅವರು ಸರಾಸರಿ ಮೂರೂವರೆ ಇರ್ಲೇಬೇಕು ಅಂತಾರೆ."

"ಇದ್ರೆ ಇರುತ್ತೆ," ಎಂದಳು ಅಕ್ಕ, ಕಡ್ಡಿ ತುಂಡು ಮಾಡಿದ ಹಾಗೆ. ನನಗೆ ಅವಳ ಬಾಯಿಗೆ ಪಿನ್ನು ಚುಚ್ಚೋಣ ಅನಿಸಿತು.

ಅವರು ಬಿಟ್ಟುಹೋದ ಟ್ರಂಕಿನಲ್ಲಿ ಒಂದು ದಪ್ಪ ಅಂಕದ ಪುಸ್ತಕ, ವಿಷಯವಾರು ದಾರ ಕಟ್ಟಿದ ಉತ್ತರಪತ್ರಿಕೆಗಳು. ವರ್ಷಕ್ಕೆ ಆರು ವಿಷಯ, ವಿಷಯಕ್ಕೆ ಹತ್ತು ಪರೀಕ್ಷೆ, ಆ ಹತ್ತರ ಸರಾಸರಿಯೇ ವಿಷಯದ ಅಂಕ. ಆ ತಾಯಿ ಶಾಲೆಯವರಿಗಿಂತ ಕಟ್ಟುನಿಟ್ಟು. ಅಕ್ಕ ಮೊದಲು ಪುಸ್ತಕದಲ್ಲಿದ್ದ ಅಂಕಗಳನ್ನೇ ಹಿಡಿದು ಲೆಕ್ಕ ಹಾಕಿದಳು. ಇಪ್ಪತ್ನಾಲ್ಕು ವಿಷಯ, ಆರಕ್ಕೆ ಎ, ಹದಿನೆಂಟಕ್ಕೆ ಬಿ. ಎಪ್ಪತ್ತೆಂಟು ಪಾಯಿಂಟ್. ಭಾಗಿಸಿದರೆ ಮೂರು ಪಾಯಿಂಟ್ ಎರಡು ಐದು. ಮೂರೂವರೆಗೆ ಎಂಬತ್ನಾಲ್ಕು ಬೇಕು, ಆರು ಕಡಿಮೆ.

"ಆಗಲ್ಲ," ಎಂದು ಪೆನ್ನಿನ ಮುಚ್ಚಳ ಹಾಕಿದವಳು ಯಾಕೋ ಒಂದು ಪತ್ರಿಕೆ ತೆಗೆದು ನೋಡಿದಳು. ಇಪ್ಪತ್ತೊಂಬತ್ತು ವರ್ಷದ ಚಾಳಿ, ಕೂಡದೆ ಇರಲು ಆಗುತ್ತದೆಯೇ? ಬೆರಳು ಪ್ರಶ್ನೆಯಿಂದ ಪ್ರಶ್ನೆಗೆ ಇಳಿಯಿತು. ತೊಂಬತ್ತಮೂರು. ಮೇಲ್ಗಡೆ ಬರೆದದ್ದು ಎಂಬತ್ತೆಂಟು. ಇನ್ನೊಂದು ತೆಗೆದಳು. ತೊಂಬತ್ತು ಬರಬೇಕು, ಎಂಬತ್ತೈದು ಬರೆದಿದೆ. ಮತ್ತೊಂದು. ಅದರಲ್ಲೂ ಐದು ಕಡಿಮೆ.

"ಪಾಪ, ಆಯಮ್ಮನಿಗೆ ಕೂಡೋಕೇ ಬರ್ತಿರ್ಲಿಲ್ವೇನೋ," ಎಂದೆ ನಾನು, ಹೊಲಿಗೆ ಮೆಷಿನ್ನಿನ ಹಿಂದಿನಿಂದ.

"ಬರದೆ ಇರೋರು ಒಂದೇ ಥರ ತಪ್ಪಲ್ಲ," ಎಂದಳು ಅಕ್ಕ.

ಇದು ಯಾಕೆ ಅನ್ನುವುದು ಅಂಕದ ಪುಸ್ತಕದ ಕೊನೆಯ ಹಾಳೆಯಲ್ಲಿತ್ತು. ನೆಟ್ಟಗಿನ ಅಕ್ಷರದಲ್ಲಿ ಆ ತಾಯಿ ತನಗೆ ತಾನೇ ಬರೆದುಕೊಂಡಿದ್ದಳು: "ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಎಲ್ಲರೂ ನಗುತ್ತಾರೆ. ನಾನು ತಿದ್ದಿದ ಪತ್ರಿಕೆಯಲ್ಲಿ ನನಗೇ ಗೊತ್ತಿಲ್ಲದ ಹಾಗೆ ಪ್ರೀತಿ ಸೇರಿರುತ್ತದೆ. ಮೊದಲ ಪರೀಕ್ಷೆಯಿಂದ ಕೊನೆಯ ಪರೀಕ್ಷೆವರೆಗೆ, ಪ್ರತಿ ಪತ್ರಿಕೆಗೂ ಐದು ಕಳೆಯಬೇಕು. ಅವಳಿಗೆ ಹೇಳಬಾರದು."

ನನ್ನ ಮೆಷಿನ್ನು ನಿಂತಿತು. ನಾನು ಗಟ್ಟಿ ಹೆಂಗಸು, ಸುಲಭಕ್ಕೆ ಅಳುವವಳಲ್ಲ, ಆದರೆ ಅವತ್ತು ಅತ್ತೆ. ಮಗಳ ಮೇಲಿನ ಪ್ರೀತಿಗೆ ಐದು ಅಂಕ ಎಂದು ದರ ಕಟ್ಟಿ, ಅದನ್ನು ನಾಲ್ಕು ವರ್ಷ ಮಗಳಿಂದಲೇ ವಸೂಲು ಮಾಡಿದ್ದಾಳಲ್ಲ ಈ ಹುಚ್ಚಿ! ಬೈಯಲು ಅವಳು ಎದುರಿಗಿಲ್ಲ.

"ಈಗ ಏನ್ಮಾಡ್ತೀಯ?" ಎಂದೆ ಅಕ್ಕನಿಗೆ. "ಗುಮಾಸ್ತೆ ಅಂಕ ಕೊಡಲ್ಲ ಅಂತೀಯಾ?"

ನನಗೆ ನಲವತ್ತು ವರ್ಷದ ಹಳೆಯ ಉರಿ ಎದ್ದಿತು. ನಾನು ಗಣಿತದಲ್ಲಿ ಎರಡು ಅಂಕದಿಂದ ಫೇಲಾದಾಗ ನನ್ನ ಪತ್ರಿಕೆ ಇವಳ ಮೇಜಿನ ಮೇಲೇ ಬಂದಿತ್ತು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಮೊತ್ತ ಸರಿಯಾಗಿದೆ" ಎಂದಷ್ಟೇ ಹೇಳಿದ್ದಳು. ಅಲ್ಲಿಗೆ ನನ್ನ ಓದು ಮುಗಿಯಿತು, ಸೂಜಿದಾರ ಕೈಗೆ ಬಂತು. ಅದನ್ನು ನಾನು ಯಾವತ್ತೂ ಎತ್ತಿ ಆಡಿರಲಿಲ್ಲ. ಅವತ್ತು ಆಡಿದೆ.

"ನಿನ್ನ ಪತ್ರಿಕೇಲಿ ಮೊತ್ತ ಸರಿಯಾಗಿತ್ತು ಕಣೇ," ಎಂದಳು ಅವಳು ಮೆಲ್ಲಗೆ. "ನಾನು ಏಳು ಸಲ ಕೂಡಿದೆ. ಇದರಲ್ಲಿ ತಪ್ಪಾಗಿದೆ. ಈ ಐದು ಯಾವ ಪ್ರಶ್ನೆಗೂ ಸೇರಿದ್ದಲ್ಲ. ಮೊತ್ತ ತಪ್ಪಿದ್ರೆ ತಿದ್ದೋದು ಗುಮಾಸ್ತೆಯ ಕೆಲಸವೇ."

ಏಳು ಸಲ ಕೂಡಿದ್ದಳಂತೆ. ನಲವತ್ತು ವರ್ಷ ನನಗೆ ಹೇಳಿರಲಿಲ್ಲ.

ಮರುದಿನ ಕಾಲೇಜಿಗೆ ಫೋನ್ ಮಾಡಿದಳು. ಅಲ್ಲಿನ ಹೆಂಗಸು ಒಳ್ಳೆಯವಳೇ. ಮೊತ್ತದ ತಪ್ಪು ತಿದ್ದಬಹುದು, ಆದರೆ ತಿದ್ದಿದ ಪ್ರತಿಯೊಂದಕ್ಕೂ ಮೂಲ ಪತ್ರಿಕೆ ಲಗತ್ತಿಸಬೇಕು ಎಂದಳು. ಅಕ್ಕನಿಗೆ ಹಬೆಯಾಡುವ ಚಹಾ ಕೊಟ್ಟಷ್ಟು ಖುಷಿಯಾಯಿತು. ಅವಳದೇ ಭಾಷೆ ಮಾತಾಡುವವರು ಸಿಕ್ಕಿದ್ದರು. ಹನ್ನೊಂದು ದಿನ ಕೂತು ಎಲ್ಲ ಪತ್ರಿಕೆಗಳನ್ನೂ ಎರಡೆರಡು ಸಲ ಕೂಡಿದಳು. ನಾನು ದಾರ ಬಿಚ್ಚಿ ಕಟ್ಟಿ ಕೊಡುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಆ ಹುಡುಗಿಯ ಅಕ್ಷರ ದುಂಡಗಾಗುತ್ತಾ ಬಂದಿತ್ತು, ಅಚ್ಚು ಹಾಕಿದಷ್ಟು. ತಾಯಿಯ ಅಕ್ಷರ ಮಾತ್ರ ಕೊನೆಕೊನೆಗೆ ಸೊಟ್ಟವಾಗುತ್ತಾ ಹೋಗಿ, ಕೊನೆಯ ಪತ್ರಿಕೆಯಲ್ಲಿ ಪೆನ್ನು ಕಾಗದದಾಚೆ ಜಾರಿತ್ತು. ಅದರಲ್ಲೂ ಐದು ಕಳೆದಿದ್ದಳು.

ಎಲ್ಲ ಕೂಡಿದ ಮೇಲೆ ಲೆಕ್ಕಕ್ಕೆ ಬಂದದ್ದು ನೂರ ಎಂಬತ್ತು ಪತ್ರಿಕೆ. ಇನ್ನೂರ ನಲವತ್ತು ಇರಬೇಕಿತ್ತು. ಎರಡು, ಮೂರು, ನಾಲ್ಕನೇ ವರ್ಷದವು ಇದ್ದವು. ಮೊದಲ ವರ್ಷದ್ದು ಒಂದೂ ಇರಲಿಲ್ಲ.

ಅಕ್ಕ ಡ್ರೈವರ್‌ಗೆ ಫೋನ್ ಮಾಡಿ ಕೇಳಿದಳು.

"ಅವಳು ಮಲಗ್ತಿದ್ದ ಮಂಚದ ಕೆಳಗೆ ಒಂದು ಪೆಟ್ಟಿಗೆ ಇತ್ತಮ್ಮ," ಎಂದರು ಅವರು. "ಅವಳು ಹೋದ ಮೇಲೆ ಅವಳ ಅಕ್ಷರ ಕಣ್ಣಿಗೆ ಬಿದ್ರೆ ನನಗೆ ತಡ್ಕೊಳ್ಳೋಕಾಗ್ತಿರ್ಲಿಲ್ಲ. ಹಳೇದಲ್ವಾ, ಯಾರಿಗೆ ಬೇಕು ಅಂತ ರದ್ದಿಯವನಿಗೆ ಹಾಕ್ಬಿಟ್ಟೆ."

ಆ ದಿನವೇ ಬಸ್ಸು ನಿಲ್ಲಿಸಿದ ಕೂಡಲೇ ರದ್ದಿಯವನ ಅಂಗಡಿಗೆ ಓಡಿದರಂತೆ. ಐದು ತಿಂಗಳ ಹಿಂದಿನ ಕಾಗದ ಎಲ್ಲಿರುತ್ತದೆ? ಯಾವತ್ತೋ ಕಾರ್ಖಾನೆಗೆ ಹೋಗಿ ರಟ್ಟಾಗಿತ್ತು.

ಅಕ್ಕ ತಿದ್ದಿದ ಮೂರು ವರ್ಷದಲ್ಲಿ ಐದು ಬಿ ಗಳು ಎ ಆದವು. ಎಪ್ಪತ್ತೆಂಟು ಪಾಯಿಂಟ್ ಎಂಬತ್ತಮೂರಾಯಿತು. ಬೇಕಾದದ್ದು ಎಂಬತ್ನಾಲ್ಕು. ಮೂರು ಪಾಯಿಂಟ್ ನಾಲ್ಕು ಆರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು.

ಮೊದಲ ವರ್ಷದ ಅಂಕಗಳು ಪುಸ್ತಕದಲ್ಲಿದ್ದವು, ಎದುರಿಗೇ: ಎಂಬತ್ತಾರು, ಎಂಬತ್ತೆಂಟು, ಎಂಬತ್ತೈದು, ಎಂಬತ್ತೇಳು, ಎಂಬತ್ನಾಲ್ಕು, ಎಂಬತ್ತೊಂಬತ್ತು. ಗಣಿತದಲ್ಲಿ ಫೇಲಾದ ನನಗೂ ಲೆಕ್ಕ ಬಂತು. ಐದೈದು ಸೇರಿಸಿದರೆ ಆರರಲ್ಲಿ ಐದು ತೊಂಬತ್ತು ಮುಟ್ಟುತ್ತವೆ. ಬೇಕಾದದ್ದು ಒಂದೇ ಒಂದು. ಎಲ್ಲ ಸೇರಿಸಿದರೆ ಸರಾಸರಿ ಮೂರು ಪಾಯಿಂಟ್ ಆರು ಏಳು.

"ಸೇರಿಸು," ಎಂದೆ. "ಮೊದಲ ಪರೀಕ್ಷೆಯಿಂದ ಕಳೀಬೇಕು ಅಂತ ಅವಳೇ ಬರೆದಿದ್ದಾಳಲ್ಲ. ಇನ್ನೇನು ಸಾಕ್ಷಿ ಬೇಕು ನಿನಗೆ?"

"ಕಳೀಬೇಕು ಅಂತ ಬರೆದಿದ್ದಾಳೆ. ಕಳೆದಿದ್ದು ನಾನು ನೋಡಿಲ್ಲ. ಪತ್ರಿಕೆ ಇಲ್ಲದೆ ಕೂಡೋದು ಹೇಗೆ?"

ನಾನು ಬೈದೆ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದೆ, ಕಲ್ಲು ಎಂದೆ. ಬೈಸಿಕೊಳ್ಳುತ್ತಲೇ ಅವಳು ಮತ್ತೆ ಕಾಲೇಜಿಗೆ ಫೋನ್ ಮಾಡಿದಳು. ಯಾರ ಹತ್ತಿರವೂ ಏನನ್ನೂ ಬೇಡದ ನಮ್ಮಕ್ಕ ಅರ್ಧ ಗಂಟೆ ಬೇಡಿಕೊಂಡಳು. ಆ ಕೊನೆಯ ಹಾಳೆಯನ್ನು ಫೋನಿನಲ್ಲೇ ಎರಡು ಸಲ ಓದಿ ಹೇಳಿದಳು. ಆ ಹೆಂಗಸು ಮೇಲಿನವರನ್ನು ಕೇಳಿ, ಮೂರು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. ಪತ್ರಿಕೆ ಇಲ್ಲದೆ ಆಗುವುದಿಲ್ಲವಂತೆ, ಮೂರು ಪಾಯಿಂಟ್ ನಾಲ್ಕು ಆರು ಅಂದರೆ ಮೂರೂವರೆ ಅಲ್ಲವಂತೆ. ಆ ಹೆಂಗಸಿನ ಜಾಗದಲ್ಲಿ ಅಕ್ಕನೇ ಕೂತಿದ್ದರೂ ಹಾಗೇ ಹೇಳುತ್ತಿದ್ದಳು. ಅಕ್ಕ ಫೋನ್ ಇಟ್ಟು ಕನ್ನಡಕ ತೆಗೆದು ಸುಮ್ಮನೆ ಒರೆಸುತ್ತಾ ಕೂತಳು. ನಾನು ಅದಕ್ಕೂ ಕೊಂಕು ಆಡಬಹುದಿತ್ತು, ಆಡಲಿಲ್ಲ.

ಲೆಕ್ಕ ಮುಗಿದಿತ್ತು. ಶನಿವಾರ ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ಬಂದರು. ನಮ್ಮ ಮನೆಯ ಹದಿನಾಲ್ಕು ಮೆಟ್ಟಿಲನ್ನು ಅವಳು ಮೂರು ಕಡೆ ನಿಂತು ಹತ್ತಿದಳು. ಸಣಕಲು ಹುಡುಗಿ, ಉದ್ದ ಜಡೆ, ಎಲ್ಲವನ್ನೂ ಗಮನಿಸುವ ಕಣ್ಣು. ನಾನು ನೀರು ಕೊಟ್ಟರೆ ಲೋಟದ ನೀರನ್ನು ಒಂದೊಂದೇ ಗುಟುಕು ಕುಡಿದು, "ಸಾಕು ಅತ್ತೆ" ಎಂದಳು. ಮೊದಲ ಸಲ ನೋಡಿದವಳನ್ನು ಅತ್ತೆ ಎಂದು ಕರೆದಳು.

ಅಕ್ಕ ಮೊದಲು ಆ ಕೊನೆಯ ಹಾಳೆಯನ್ನು ಅವಳ ಮುಂದಿಟ್ಟಳು. ಹುಡುಗಿ ಓದಿದಳು. ಮತ್ತೊಮ್ಮೆ ಓದಿದಳು.

"ನಾನೂ ಕೂಡಿ ನೋಡ್ತಿದ್ದೆ," ಎಂದಳು. "ಯಾವಾಗಲೂ ಐದು ಕಡಿಮೆ ಇರೋದು. ಕೇಳಿದ್ರೆ ಅಮ್ಮ 'ಅದು ಅಷ್ಟೇ' ಅನ್ನೋಳು. ನನ್ನ ಅಕ್ಷರ ಚೆನ್ನಾಗಿಲ್ಲ ಅಂತ ಕಳೀತಾಳೆ ಅಂದ್ಕೊಂಡು ದಿನಾ ಒಂದು ಪುಟ ಅಕ್ಷರ ತಿದ್ತಿದ್ದೆ. ಎಷ್ಟು ತಿದ್ದಿದ್ರೂ ಆ ಐದು ಬರಲೇ ಇಲ್ಲ." ಆಮೇಲೆ ಆ ಹಾಳೆಯ ಮೇಲೆ ಅಂಗೈ ಇಟ್ಟುಕೊಂಡಳು. ಅತ್ತಳು, ಸದ್ದಿಲ್ಲದೆ, ಎದೆಗೆ ಆಯಾಸವಾಗದ ಹಾಗೆ ಅಳುವುದನ್ನು ಕಲಿತವಳ ಹಾಗೆ.

ಅಕ್ಕ ಸರಾಸರಿ ಹೇಳಿದಳು. ಕಾಲೇಜಿನವರು ಹೇಳಿದ್ದನ್ನೂ ಹೇಳಿದಳು. ಡ್ರೈವರ್ ತಲೆ ತಗ್ಗಿಸಿಕೊಂಡು ತಮ್ಮ ಕೈಗಳನ್ನೇ ನೋಡುತ್ತಾ ಕೂತಿದ್ದರು.

"ನನಗೆ ಸ್ಟೇರಿಂಗ್ ಬಿಟ್ರೆ ಬೇರೆ ಲೆಕ್ಕ ಗೊತ್ತಿಲ್ಲಮ್ಮ," ಎಂದರು. "ಒಂದೇ ಒಂದು ಹೇಳಿ. ನೀವು ಹೇಳಿದ್ದು ನಂಬ್ತೀನಿ, ನೀವು ಸುಳ್ಳು ಹೇಳೋರಲ್ಲ ಅಂತ ಬೀದಿಗೆಲ್ಲ ಗೊತ್ತು. ಆ ಪೆಟ್ಟಿಗೆ ನಾನು ರದ್ದಿಗೆ ಹಾಕದೆ ಇದ್ದಿದ್ರೆ ಇವಳಿಗೆ ಸೀಟು ಸಿಗ್ತಿತ್ತಾ?"

ನಾನು ಅಕ್ಕನ ಮುಖ ನೋಡಿದೆ. ದಶಾಂಶ ಬಿಡದವಳು, ಒಡಹುಟ್ಟಿದ ತಂಗಿಗೆ ಎರಡು ಅಂಕ ಬಿಡದವಳು. ಈಗ ಈ ಬಡಪಾಯಿ ಬದುಕಿರುವಷ್ಟು ದಿನ ಆ ಗೇಟಿನ ಮುಂದೆ ಬಸ್ಸು ನಿಲ್ಲಿಸಿ, ಬೇರೆಯವರ ಮಕ್ಕಳನ್ನು ಇಳಿಸಬೇಕು. ಹೇಳಬೇಡ ಅಕ್ಕ, ಎಂದು ಒಳಗೊಳಗೇ ಕೂಗಿದೆ.

"ಇಲ್ಲ," ಎಂದಳು ಅಕ್ಕ. ದನಿ ಒಂದಿಷ್ಟೂ ನಡುಗಲಿಲ್ಲ. "ಅದನ್ನೂ ಲೆಕ್ಕ ಹಾಕಿದ್ದೀನಿ. ಮೊದಲ ವರ್ಷದ್ದಕ್ಕೆ ಐದೈದು ಸೇರಿಸಿದ್ರೂ ಒಂದೂ ತೊಂಬತ್ತು ಮುಟ್ಟಲ್ಲ. ಆ ಪತ್ರಿಕೆ ಇದ್ದಿದ್ರೂ ಅಷ್ಟೇ ಬರ್ತಿತ್ತು."

ಅರವತ್ತೆಂಟು ವರ್ಷದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಲೆಕ್ಕ. ಅವಳು ಒಂದು ಸಲವಾದರೂ ಬಾಗಲಿ ಎಂದು ಜನ್ಮವಿಡೀ ಕಾದವಳು ನಾನು. ಬಾಗಿದ್ದನ್ನು ನೋಡಿದಾಗ ಸಂತೋಷವಾಗಲಿಲ್ಲ. ಎದ್ದು ಅವಳ ಕೈ ಹಿಡಿದುಕೊಳ್ಳಬೇಕು ಅನಿಸಿತು.

ಅಂಕದ ಪುಸ್ತಕ ಮೇಜಿನ ಮೇಲೆ ಮೊದಲ ವರ್ಷದ ಪುಟಕ್ಕೇ ತೆರೆದಿತ್ತು. ಮುಚ್ಚಿಡಲು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಹುಡುಗಿಯ ಕಣ್ಣು ಆ ಪುಟದ ಮೇಲಿತ್ತು. ಎಂಬತ್ತಾರು, ಎಂಬತ್ತೆಂಟು, ಎಂಬತ್ತೈದು... ಅವಳ ತುಟಿ ಸಣ್ಣಗೆ ಅಲುಗುತ್ತಾ ಸಾಲಿನಿಂದ ಸಾಲಿಗೆ ಇಳಿಯಿತು. ಕೊನೆಯ ಸಾಲಿಗೆ ಬಂದು ನಿಂತಿತು. ತಲೆ ಎತ್ತಿ ಅಕ್ಕನನ್ನು ನೋಡಿದಳು. ಅಕ್ಕ ಕಣ್ಣು ತಗ್ಗಿಸಿದಳು.

"ಹೌದಾ ಮಗಳೇ?" ಎಂದರು ಡ್ರೈವರ್. "ನಿನಗೆ ನೆನಪಿರುತ್ತಲ್ಲ, ನೀನೇ ಹೇಳು. ನನ್ನಿಂದ ಹೋಗಿದ್ದಲ್ವಾ?"

"ಅಲ್ಲ ಅಪ್ಪ," ಎಂದಳು ಅವಳು. "ಆ ವರ್ಷ ನಾನೇ ಸರಿಯಾಗಿ ಓದಿರ್ಲಿಲ್ಲ."

ಡ್ರೈವರ್ ಎದೆಯೊಳಗಿನ ಉಸಿರೆಲ್ಲ ಹೊರಗೆ ಬಿಟ್ಟರು. ರದ್ದಿಯವನ ಅಂಗಡಿಗೆ ಓಡಿದ ದಿನದಿಂದ ಹಿಡಿದಿಟ್ಟ ಉಸಿರಿರಬೇಕು. ಕಣ್ಣೊರೆಸಿಕೊಂಡು, ಪುಸ್ತಕ ಮಡಿಸಿ ಟ್ರಂಕಿಗೆ ಹಾಕಿ, ಮಗಳ ತಲೆ ನೇವರಿಸಿದರು.

"ಸ್ವಲ್ಪ ಮನಸ್ಸಿಟ್ಟು ಓದಬಹುದಿತ್ತಲ್ವಾ ಕಂದ," ಎಂದರು.

"ಓದಬಹುದಿತ್ತು ಅಪ್ಪ," ಎಂದಳು.